ಆರಕ್ಷರದಾಗ ಹಿಡಿಲಾರದ ಊರು

ಮೊನ್ನೆ ಕಾರಹುಣ್ಣಿವಿಗೆ ತವರುಮನಿಯವರೆಲ್ಲ ಕೂಡಿದ್ವಿ. ಹೋಳಿಗಿ ಊಟ ಮುಗಿಸಿ ಪಡಸಾಲ್ಯಾಗ ಅಡ್ಡಾಗಿದ್ದಾಗ ಅಣ್ಣನ ಸಣ್ಣ ಮಗಳು ನನ್ನ ಫೋನು ಕಸಗೊಂಡು ಏನೋ ಒತ್ತಿದ್ಲು. ನಕಾಶೆ ತೆರಕೊಂಡ್ತು. "ಅತ್ತೀ, ಇಲ್ಲಿ ಬರೇ ನೀರು ಐತಲ್ಲ, ನೀರಿನ ಮ್ಯಾಲ ಇಷ್ಟು ಹೆಸರು ಯಾಕ ಬರದೀರಿ?" ಅಂದ್ಲು. ಅಗಸಿ ಬಾಗಿಲು, ಹನಮಪ್ಪನ ಗುಡಿ, ಕುಂಬಾರ ಓಣಿ, ದೊಡ್ಡ ಹಗೇವು, ತುಳಸಿಕಟ್ಟಿ. ಅಕಿ ಹುಟ್ಟೂಕಿಂತ ಮೊದಲೇ ಮುಳುಗಿದ ಊರು ಅದು. ಅಕಿಗೆ ಹೇಳಿದ್ದನ್ನ ಇಲ್ಲೂ ಬರೀತೀನಿ, ಯಾಕಂದ್ರ ಇದನ್ನ ಕೇಳಿದವಳು ಅಕಿ ಒಬ್ಬಾಕಿ ಅಲ್ಲ. ಮಗ್ಗಲ ಮನಿ ಅಕ್ಕನೂ ಕೇಳ್ಯಾಳ, ಸಣ್ಣ ವೈನಿನೂ ಕೇಳ್ಯಾರ.

ನಮ್ಮೂರು ಘಟಪ್ರಭಾ ಹೊಳಿ ದಂಡಿಗಿತ್ತು, ಬಾಗಲಕೋಟಿ ಸೀಮಿ. ಆಲಮಟ್ಟಿ ಆಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಾಗ, ಕಟ್ಟೂದು ಪೂರ್ತಿ ಮುಗಿದದ್ದು 2005ರಾಗ. ಅಂದ್ರ ನಾಲ್ವತ್ತು ವರ್ಷ "ಇವತ್ತು ಮುಳುಗತೈತಿ, ನಾಳೆ ಮುಳುಗತೈತಿ" ಅಂತ ಕಾದ ಊರು. ನಮ್ಮ ಕೆಳಗಿನ ಓಣಿಯವರಿಗೆಲ್ಲ ಪುನರ್ವಸತಿ ಕೇಂದ್ರದಾಗ ಜಾಗಾ ಕೊಟ್ಟಾಗಿತ್ತು. 2001ರ ಬ್ಯಾಸಗಿಯೊಳಗ, ಇನ್ನೇನು ಕಡೀ ಸಾಮಾನು ಚಕ್ಕಡಿಗೆ ಹೇರೂ ಹೊತ್ತಿನ್ಯಾಗ, ಅಮೆರಿಕಾದಿಂದ ತಮ್ಮ ಬಂದ. ಅವನ ಕಿಸೆದಾಗ ಅಂಗೈಯಗಲದ ಒಂದು ಯಂತ್ರ ಇತ್ತು. "ಅಕ್ಕಾ, ಇದು ನಾವು ನಿಂತ ಜಾಗಾ ಹೇಳತೈತಿ" ಅಂದ. ಅವ್ವ ಅಂದ್ಲು, "ನಾ ನಿಂತ ಜಾಗಾ ನನಗ ಗೊತ್ತಿಲ್ಲೇನ?"

ಆ ಯಂತ್ರದ ಕೆಲಸ ನನಗ ಆವಾಗ ತಿಳೀಲಿಲ್ಲ. ಈಗ ಹೇಳ್ತೀನಿ ಕೇಳ್ರಿ, ಅಂಥಾ ತ್ರಾಸಿಂದೇನಲ್ಲ. ಸುಮಾರು 20,200 ಕಿಲೋಮೀಟರ್ ಮ್ಯಾಲ ಉಪಗ್ರಹಗಳು ಸುತ್ತತಿರ್ತಾವ. ಒಂದೊಂದರೊಳಗೂ ಅತೀ ನಿಖರವಾದ ಗಡಿಯಾರ. "ಈಗ ಇಷ್ಟು ಹೊತ್ತಾತು, ನಾ ಇಲ್ಲಿದ್ದೀನಿ" ಅಂತ ಅವು ಒಂದೇ ಸವನ ಸಾರತಿರ್ತಾವ. ಆ ಮಾತು ನಮ್ಮ ಕೈಯಾಗಿನ ಯಂತ್ರಕ್ಕ ಮುಟ್ಟೂಕ ಎಷ್ಟು ತಡ ಆತು ಅನ್ನೂದರ ಮ್ಯಾಲ ದೂರ ಲೆಕ್ಕ ಸಿಗತೈತಿ. ಜಾಗಾ ಹಿಡಿಯೂಕ ಮೂರು ಉಪಗ್ರಹ, ನಮ್ಮ ಯಂತ್ರದ ಅಗ್ಗದ ಗಡಿಯಾರದ ತಪ್ಪು ತಿದ್ದೂಕ ನಾಲ್ಕನೇದು. ಇಷ್ಟೇ ಜಿಪಿಎಸ್. ಅಮೆರಿಕದ ಸೈನ್ಯ ಮೊದಲ ಉಪಗ್ರಹ ಹಾರಿಸಿದ್ದು 1978ರ ಫೆಬ್ರವರಿಯಾಗ, ಪೂರ್ತಿ ಜಾಲ ಕೆಲಸಕ್ಕ ಸಿದ್ಧ ಆದದ್ದು 1995ರಾಗ.

ಆದ್ರ ನಮ್ಮಂಥ ಸಾದಾ ಮಂದಿಗೆ ಸಿಗೂ ಸಂಕೇತದೊಳಗ ಸೈನ್ಯದವರು ಬೇಕಂತಲೇ ತಪ್ಪು ಬೆರಸ್ತಿದ್ರು. ನೂರು ಮೀಟರಿನಷ್ಟು ಅತ್ತಿತ್ತ ಆಗತಿತ್ತು. ನೂರು ಮೀಟರಂದ್ರ ನಮ್ಮ ಇಡೀ ಓಣಿ! ತುಳಸಿಕಟ್ಟಿ ಗುರುತು ಹೋಗಿ ಹೊಳಿಯಾಗ ಬೀಳತಿತ್ತು. 2000ದ ಮೇ ತಿಂಗಳ ಶುರುವಿಗೆ ಅಧ್ಯಕ್ಷ ಕ್ಲಿಂಟನ್ ಅದನ್ನ ನಿಲ್ಲಿಸಿದ್ರು. ಒಂದೇ ರಾತ್ರಿಯಾಗ ಜಗತ್ತಿನ ಎಲ್ಲಾ ಯಂತ್ರಗಳ ಕಣ್ಣು ಚುರುಕಾದ್ವು. ತಮ್ಮ ಒಂದು ವರ್ಷ ಮೊದಲು ಬಂದಿದ್ರ ನನ್ನ ಫೋನಿನ್ಯಾಗ ಇವತ್ತು ಊರು ಇರತಿರಲಿಲ್ಲ.

ಅವತ್ತು ಮುಂಜಾನೆ ಅವ್ವ ಮುಂದ, ನಾನು ಹಿಂದ. ಅಕಿ ಒಂದೊಂದು ಕಡೆ ನಿಂತು ಹೆಸರು ಹೇಳೂದು, ನಾನು ಗುಂಡಿ ಒತ್ತೂದು. ಅಕಿ ಹೇಳೂ ಹೆಸರು ಸಣ್ಣವಲ್ಲ ನೋಡ್ರಿ. "ಗೌಡರ ಮುದುಕಿ ಕುಂತು ನೂಲತಿದ್ದ ಕಟ್ಟಿ." "ನಿಮ್ಮಪ್ಪ ಬಿದ್ದು ಕೈ ಮುರಕೊಂಡ ಬೇವಿನ ಗಿಡ." ಯಂತ್ರಕ್ಕ ಮಾತ್ರ ಇಂಗ್ಲಿಷಿನ ಆರೇ ಆರು ಅಕ್ಷರ ಬೇಕು, ಏಳನೇದು ಹಿಡಿಯಂಗಿಲ್ಲ. ನಾನು ಕತ್ತರಿಸಿ ಕತ್ತರಿಸಿ ಹಾಕಿದೆ, ಪೂರ್ತಿ ಹೆಸರು ಒಂದು ನೋಟಬುಕ್ಕಿನ್ಯಾಗ ಬರಕೊಂಡೆ. ಹೊತ್ತು ನೆತ್ತಿಗೇರಿತ್ತು, ತೆರಿ ಮ್ಯಾಲ ಬಿಸಲು ಬಿದ್ದು ಏನೂ ಕಾಣತಿರಲಿಲ್ಲ. ಒಟ್ಟು 62 ಗುರುತು.

ತಮ್ಮ ಹೊಂಟು ನಿಂತಾಗ ಯಂತ್ರದ್ದನ್ನೆಲ್ಲ ನಮ್ಮ ಮನಿ ಕಂಪ್ಯೂಟರಿಗೆ ಇಳಿಸಿದ. ಅದು ವಿಂಡೋಸ್ ಇದ್ದ ಕಂಪ್ಯೂಟರ್. ಯಂತ್ರದ ಕಂಪನಿಯವರೇ ಕೊಟ್ಟ ನಕಾಶೆ ಸಾಫ್ಟವೇರನ್ನ ಅದಕ್ಕ ಹಾಕಿ, ಕೆಲಸ ಮುಗಿಸಿ, ಗುರುತುಗಳ ಕಡತದ ಒಂದು ಪ್ರತಿ ಸೀಡಿಗೆ ಬರದು ನನಗ ಕೊಟ್ಟ. ಸಾಫ್ಟವೇರಿನ ಮೂಲ ಸೀಡಿ ಅವನ ಚೀಲದಾಗೇ ಹೋತು. ಅದರ ಮ್ಯಾಲ ಅಮೆರಿಕದಾಗ ಗುಡ್ಡ ಹತ್ತೂಕ ಹೋದಾಗ ಯಂತ್ರದಾಗ ಜಾಗಾ ಸಾಲದು ಅಂತ ಹಳೇ ಗುರುತು ಅಳಿಸಿದನಂತ. ಅವನ್ನ ಬೈದು ಉಪಯೋಗಿಲ್ಲ, ನನ್ನ ಹಂತೇಕ ಪ್ರತಿ ಐತಿ ಅನ್ನೂ ಧೈರ್ಯ ಅವನದು.

ಊರು ಮುಳುಗಿತು. 2008ರ ಮಳಿಗಾಲದಾಗ ಸಿಡಿಲಿಗೆ ಕಂಪ್ಯೂಟರೂ ಸುಟ್ಟಿತು. ನೋಟಬುಕ್ಕು? ಅಟ್ಟದ ಮ್ಯಾಲಿನ ಟ್ರಂಕಿನ್ಯಾಗ ಗೆದ್ದಲ ಅರ್ಧ ತಿಂದಿತ್ತು. ಉಳಿದದ್ದು ಆ ಸೀಡಿ ಒಂದೇ.

ಮಗ ಆವಾಗ ಹುಬ್ಬಳ್ಳಿಯಾಗ ಇಂಜಿನಿಯರಿಂಗ್ ಓದತಿದ್ದ. ಹಳೇ ಸಾಮಾನು ಕೂಡಿಸಿ ಒಂದು ಕಂಪ್ಯೂಟರ್ ಕಟ್ಟಿ ತಂದು ಮನ್ಯಾಗ ಇಟ್ಟ. ಅದರಾಗ ವಿಂಡೋಸ್ ಇಲ್ಲ, ಲಿನಕ್ಸ್. ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಅನ್ನೂ ಹುಡುಗ 1991ರಾಗ ಕಾಲೇಜಿನ್ಯಾಗ ಇದ್ದಾಗಲೇ ಶುರು ಮಾಡಿದ್ದು, ಆಮ್ಯಾಲ ಜಗತ್ತಿನ ಮಂದಿಯೆಲ್ಲ ಕೂಡಿ ಬೆಳಸಿದ್ದು. ಅದರದೇ ಒಂದು ರೂಪ ಉಬುಂಟು, 2004ರಾಗ ಬಂತು. ಅದರ ಸೀಡಿ ಬೇಕಂದ್ರ ಪುಕ್ಕಟೆ ಟಪಾಲಿನ್ಯಾಗ ಮನಿಗೇ ಕಳಸತಿದ್ರು. ನಮ್ಮ ಟಪಾಲಿನವ ಆ ಲಕೋಟಿ ಕೊಟ್ಟು "ಪರದೇಶದಿಂದ ಮದುವಿ ಕಾಗದ ಬಂದೈತ್ರೀ" ಅಂತ ನಕ್ಕಿದ್ದ.

ಪುಕ್ಕಟೆ ಖರೆ, ಆದ್ರ ಸೀಡಿ ಹಾಕಿ ನಮ್ಮೂರಿನ ಕಡತ ಒತ್ತಿದ್ರ ಕಂಪ್ಯೂಟರಿಗೆ ಅದು ಏನಂತನೇ ಗೊತ್ತಾಗಲಿಲ್ಲ. ಆ ಕಡತ ಓದೂದು ಕಂಪನಿಯ ಸಾಫ್ಟವೇರ್ ಒಂದೇ, ಆ ಸಾಫ್ಟವೇರ್ ನಡೆಯೂದು ವಿಂಡೋಸಿನ್ಯಾಗ ಮಾತ್ರ. ತಮ್ಮಗ ಫೋನ್ ಹಚ್ಚಿದ್ರ ಅವನೂ ಅಷ್ಟೊತ್ತಿಗೆ ಆಪಲ್ಲಿನ ಮ್ಯಾಕ್ ತಗೊಂಡು ಕುಂತಿದ್ದ, ಮೂಲ ಸೀಡಿನೂ ಕಳಕೊಂಡಿದ್ದ. ಕಂಪ್ಯೂಟರ್ ಅಂಗಡಿಯಾಗ ವಿಂಡೋಸ್ ಮುಂದ ಕುಂತು ನೋಡಿದ್ವಿ. ಕಂಪನಿ ಜಾಲತಾಣದಾಗ ಇದ್ದದ್ದು ಬರೇ ಹೊಸ ತಿದ್ದುಪಡಿ. ಮೊದಲ ಮೂಲ ಸೀಡಿ ಹಾಕ್ರಿ, ಆಮ್ಯಾಲ ಇದು ಅಂತ ಹಟ ಹಿಡೀತು. ಲಿನಕ್ಸಿನ್ಯಾಗ ವಿಂಡೋಸಿನ ಸಾಫ್ಟವೇರ್ ನಡಸೂ ಒಂದು ಉಪಾಯ ಐತಿ, 1993ರಿಂದ ಮಂದಿ ಕಟ್ಟಿಕೋತ ಬಂದದ್ದು, ಹೆಸರು ವೈನ್. ಮಗ "ಅಜ್ಜಿ, ವೈನ್ ಹಾಕಿ ನೋಡ್ತೀನಿ" ಅಂದಾಗ ಅವ್ವ ಜಪದ ಸರ ಕೆಳಗಿಟ್ಟು ನನ್ನ ಮಾರಿ ನೋಡಿದ್ಲು. ಅದರಾಗೂ ಅದೇ ಹಟ, ಮೂಲ ಸೀಡಿ ಎಲ್ಲಿ ಅಂತ.

ಇಲ್ಲಿ ಸ್ವಲ್ಪ ಹಿಂದಿನ ಕಥಿ ಹೇಳಬೇಕು, ಯಾಕಂದ್ರ ಈ ಫಜೀತಿ ನಮ್ಮೊಬ್ಬರದೇ ಅಲ್ಲ.

ಜಿಪಿಎಸ್ ಯಂತ್ರಗಳು ಹಡಗಿನವರ ಕೈಗೂ ಬಂದ್ವು. ಹಡಗಿನ ವಿದ್ಯುತ್ ಉಪಕರಣ ಮಾಡೂ ಅಮೆರಿಕದ ಮಂದಿ ಕೂಡಿ 1983ರಾಗ ಒಂದು ಒಪ್ಪಂದ ಮಾಡಿಕೊಂಡಿದ್ರು, ಎನ್‌ಎಂಇಎ 0183 ಅಂತ. ಯಾವ ಕಂಪನಿ ಯಂತ್ರ ಇರಲಿ, "ಈಗ ಇಲ್ಲಿದ್ದೀನಿ" ಅನ್ನೂ ಮಾತನ್ನ ಒಂದೇ ನಮೂನಿ ಸಾದಾ ಅಕ್ಷರದ ಸಾಲಿನ್ಯಾಗ ಹೇಳಬೇಕು. ಹಂಗಾಗಿ ಸದ್ಯ ನಿಂತ ಜಾಗಾ ಯಾವ ಕಂಪ್ಯೂಟರ್ ಬೇಕಾದ್ರೂ ಕೇಳಬಹುದಿತ್ತು. ಆದ್ರ ಕೂಡಿಟ್ಟ ಗುರುತು, ನಡೆದ ದಾರಿ, ನಕಾಶೆ, ಇವನ್ನ ಕಂಪನಿಗಳು ತಮ್ಮ ತಮ್ಮ ಭಾಷೆಯೊಳಗ ಗಂಟು ಕಟ್ಟಿದ್ವು. ಮಾತಾಡೂದು ಎಲ್ಲಾರಿಗೂ ತಿಳೀತೈತಿ, ತಿಜೋರಿ ಕೀಲಿ ಮಾತ್ರ ಒಬ್ಬರದೇ.

ಮ್ಯಾಕ್ ಇದ್ದವರು 1990ರ ದಶಕದಾಗೇ ಈ ತ್ರಾಸ ಉಂಡ್ರು. ಅವರಿಗಾಗಿ ಜಿಪಿಎಸ್‌ವೈ ಅನ್ನೂ ಸಾಫ್ಟವೇರ್ ಬರದವರು ಕರೆನ್ ನಕಾಮುರ, ಓದಿದ್ದು ಮಾನವಶಾಸ್ತ್ರ. ಮಂದಿ ಹೆಂಗ ಬಾಳ್ವಿ ಮಾಡ್ತಾರ ಅಂತ ಹಳ್ಳಿ ಊರು ಅಡ್ಡಾಡಿ ಬರೆಯೂ ವಿದ್ಯಾ ಅದು. ಇದನ್ನ ಓದಿದಾಗ ನನಗ ಭಾಳ ಖುಷಿ ಆತು. ಅಡ್ಡಾಡೂ ಮಂದಿಗೇ ಅದರ ಗರಜು ಗೊತ್ತಾಗೂದು. ಮ್ಯಾಕ್‌ಜಿಪಿಎಸ್ ಪ್ರೊ ಅಂತ ಇನ್ನೊಂದೂ ಇತ್ತು, ಅದೂ ಸಣ್ಣ ಮಂದಿ ಮಾಡಿದ್ದೇ. ದೊಡ್ಡ ಕಂಪನಿಯಾದ ಗಾರ್ಮಿನ್ ಮ್ಯಾಕಿಗೂ ತನ್ನ ಸಾಫ್ಟವೇರ್ ಕೊಡ್ತೀನಿ ಅಂತ ಸಾರಿದ್ದು 2006ರ ಜನವರಿಯಾಗ. ಲಿನಕ್ಸಿನವರಿಗೆ ಅಂಥಾ ಡಂಗುರ ಇವತ್ತಿಗೂ ಹೊಡದಿಲ್ಲ. ಕಂಪನಿಯವರ ಲೆಕ್ಕ ಅವರಿಗೆ ಬರೊಬ್ಬರಿ ಇರಬಹುದು: ನೂರು ಮನ್ಯಾಗ ತೊಂಬತ್ತು ಮನಿ ವಿಂಡೋಸ್ ಇದ್ರ ಉಳಿದ ಹತ್ತು ಮನಿಗೆ ಯಾಕ ಬ್ಯಾರೆ ಒಲಿ ಹಚ್ಚಬೇಕು? ಆದ್ರ ಆ ಹತ್ತರಾಗ ನಮ್ಮ ಮನಿ ಇತ್ತಲ್ಲ, ಅದಕ್ಕ ಆ ಲೆಕ್ಕ ನನಗ ಸೇರಂಗಿಲ್ಲ.

ನಮ್ಮನ್ನ ಕಾಪಾಡಿದ್ದರ ಹೆಸರು ಜಿಪಿಎಸ್‌ಬೇಬಲ್. ಬೇಬಲ್ ಅಂದ್ರ ಬೈಬಲಿನ ಕಥಿಯಾಗ ಬರೂ ಗೋಪುರ, ಅಲ್ಲಿ ಎಲ್ಲಾರ ಭಾಷಾನೂ ಕಲಸಿ ಒಬ್ಬರದೊಬ್ಬರಿಗೆ ತಿಳೀದಂಗ ಆತಂತ. ಇದನ್ನ ಶುರು ಮಾಡಿದವರು ಅಮೆರಿಕದ ರಾಬರ್ಟ್ ಲೈಪ್, 2002ರ ಸುಮಾರಿಗೆ. ಅದರ ಹಿಂದಿನ ಕಾರಣ ಒಂದು ಆಟ. ಕ್ಲಿಂಟನ್ ತಪ್ಪು ಬೆರಸೂದು ನಿಲ್ಲಿಸಿದ ಮರುದಿನ, 2000ದ ಮೇ 3ಕ್ಕ, ಓರೆಗನ್ ರಾಜ್ಯದ ಅಡವ್ಯಾಗ ಡೇವ್ ಉಲ್ಮರ್ ಅನ್ನೂವರು ಒಂದು ಬಕೆಟ್ಟು ಹೂತಿಟ್ಟು, ಅದರ ಅಕ್ಷಾಂಶ ರೇಖಾಂಶ ಮಂದಿಗೆ ತಿಳಿಸಿ, ಹುಡುಕ್ರಿ ನೋಡೋಣ ಅಂದ್ರು. ಅಲ್ಲಿಂದ ಜಿಯೋಕ್ಯಾಶಿಂಗ್ ಅನ್ನೂ ಆಟ ಹುಟ್ಟಿತು, ದೊಡ್ಡವರ ಕಣ್ಣುಮುಚ್ಚಾಲಿ. ಆಡೂ ಮಂದಿ ಗುರುತು ಕೊಟ್ಟು ತಗೊಂಡು ಮಾಡ್ಬೇಕಲ್ಲ? ಒಬ್ಬರ ಯಂತ್ರ ಒಂದು, ಇನ್ನೊಬ್ಬರದು ಮತ್ತೊಂದು. ಆ ಗರಜಿಗೆ ಹುಟ್ಟಿದ ದುಭಾಷಿ ಇದು. ಮೂಲ ಬರಹ ಎಲ್ಲಾರಿಗೂ ಬಿಚ್ಚಿಟ್ಟಿದ್ರಿಂದ ಲಿನಕ್ಸ್, ಮ್ಯಾಕ್, ವಿಂಡೋಸ್ ಎಲ್ಲಾ ಕಡೆ ನಡೀತೈತಿ.

ಕಂಪನಿ ಹೇಳದ ಭಾಷಾ ಹೊರಗಿನವರು ಹೆಂಗ ಕಲತ್ರು ಅಂತ ಮಗನ್ನ ಕೇಳಿದೆ. ಅವ ಹೇಳಿದ್ದು ನನಗ ಅಡಗಿಮನಿ ಮಾತಿನಂಗೇ ಕೇಳಿಸ್ತು. ಮಗ್ಗಲ ಮನಿಯಾಕಿ ಮಸಾಲಿಖಾರದ ಅಳತಿ ಹೇಳಲಿಲ್ಲ ಅಂತ ತಿಳೀರಿ. ನಾವೇನು ಮಾಡ್ತೀವಿ? ಒಂದು ಸಲ ಲವಂಗ ಬಿಟ್ಟು ಕುಟ್ಟಿ ನೋಡೂದು, ಮತ್ತೊಂದು ಸಲ ಕೊತ್ತಂಬರಿ ಹೆಚ್ಚು ಹಾಕೂದು, ರುಚಿ ಎಲ್ಲಿ ಬದಲಾತು ನೋಡೂದು. ಹಂಗೇ ಇವರು ಕಂಪನಿ ಸಾಫ್ಟವೇರಿನ್ಯಾಗ ಒಂದೇ ಗುರುತು ಹಾಕಿ ಉಳಿಸೂದು, ಹೆಸರಿನ ಒಂದಕ್ಷರ ಬದಲಿಸಿ ಮತ್ತ ಉಳಿಸೂದು, ಎರಡೂ ಕಡತ ಮಗ್ಗಲಕ್ಕ ಇಟ್ಟು ಯಾವ ಅಂಕಿ ಹೊರಳಿತು ಅಂತ ಹುಡುಕೂದು. ಹಿಂಗ ರಾತ್ರಿಯೆಲ್ಲ ಕುಂತು ಒಂದೊಂದೇ ಬಿಡಿಸ್ಯಾರ, ಯಾರೂ ಪಗಾರ ಕೊಡಲಿಲ್ಲ. ಅದರಾಗ ಇನ್ನೊಂದು ಜಾಣತನ ಐತಿ. ನೂರಕ್ಕೂ ಹೆಚ್ಚು ನಮೂನಿ ಕಡತ ಅದಾವ. ಒಂದೊಂದರಿಂದ ಇನ್ನೊಂದಕ್ಕ ಬ್ಯಾರೆ ಬ್ಯಾರೆ ದುಭಾಷಿ ಅಂದ್ರ ಸಾವಿರಾರು ಬೇಕಾಗತಿದ್ರು. ಅದಕ್ಕ ನಡುವ ತನ್ನದೊಂದು ಭಾಷಾ ಇಟ್ಟುಕೊಂಡು, ಬಂದದ್ದನ್ನೆಲ್ಲ ಮೊದಲು ಅದಕ್ಕ ತಿರುವಿ, ಆಮ್ಯಾಲ ಕೇಳಿದವರ ಭಾಷೆಯಾಗ ಬಡಸತೈತಿ. ಮದುವಿ ಮನ್ಯಾಗ ಮರಾಠಿ ಬೀಗರಿಗೂ ತೆಲುಗು ಬೀಗರಿಗೂ ನಡುವ ಒಬ್ಬಾಕಿ ದೊಡ್ಡಮ್ಮ ನಿಂತಿರ್ತಾಳಲ್ಲ, ಹಂಗ.

ಬಡಸೂ ತಾಟಿಗೂ ಒಂದು ಹೆಸರೈತಿ, ಜಿಪಿಎಕ್ಸ್. 2002ರಾಗ ಟೋಪೋಗ್ರಾಫಿಕ್ಸ್ ಅನ್ನೂ ಸಣ್ಣ ಕಂಪನಿಯ ಡ್ಯಾನ್ ಫಾಸ್ಟರ್ ಹೊರಗ ತಂದದ್ದು. ಗುಟ್ಟಿನ ಭಾಷಾ ಅಲ್ಲ, ಬರೇ ಅಕ್ಷರದಾಗ ಬರದ ಸಾದಾ ಕಾಗದ. ಹೆಸರು, ಅಕ್ಷಾಂಶ, ರೇಖಾಂಶ ಕಣ್ಣಿಗೆ ಕಾಣತಾವ. ಇವತ್ತು ಮನುಷ್ಯಾಗ ನಕಾಶೆ ತೋರಸೂ ಹೆಚ್ಚಿನ ಸಾಫ್ಟವೇರೆಲ್ಲ ಅದನ್ನ ಓದತಾವ.

2009ರ ದೀಪಾವಳಿ ಸೂಟಿಯಾಗ ಮಗ ಒಂದು ಸಂಜಿ ಕರೀ ತೆರಿ ಮ್ಯಾಲ ಒಂದೇ ಒಂದು ಸಾಲು ಟೈಪ್ ಮಾಡಿದ. ಇದು ಒಳಬರೂ ಭಾಷಾ, ಇದು ಕಡತ, ಇದು ಹೊರಗ ಹೋಗೂ ಭಾಷಾ. ಎಂಟರ್ ಒತ್ತಿದ. ಏನೂ ಆಗಲಿಲ್ಲ. ನನ್ನ ಎದಿ ಧಸಕ್ಕಂತು. "ಲಿನಕ್ಸ್ ಸುಮ್ಮನಿದ್ರ ಕೆಲಸ ಆಗೈತಿ ಅಂತ ತಿಳೀಬೇಕವ್ವಾ" ಅಂದ. (ನಮ್ಮ ಮನಿ ಗಂಡಸರೂ ಹಂಗೇ ಅಂತ ನಾನು ಅನ್ನಲಿಲ್ಲ.) ಹೊಸ ಕಡತ ತೆರೆದಾಗ ಸಾಲು ಸಾಲು ಆರಕ್ಷರದ ಹೆಸರು. ಅವ್ವನ್ನ ಕರದು ಮಗ್ಗಲಕ್ಕ ಕುರ್ಚಿ ಹಾಕಿದ್ವಿ.

ಬರೇ ಅಂಕಿ ನೋಡಿದ್ರ ಅಕಿಗೇನು ತಿಳೀಬೇಕು? ನಕಾಶೆ ಬೇಕಲ್ಲ. ಜರ್ಮನಿಯ ಓಲಿವರ್ ಐಕ್ಲರ್ ಬರೆದ ಕ್ಯೂಲ್ಯಾಂಡ್‌ಕಾರ್ಟೆ ಅನ್ನೂ ಸಾಫ್ಟವೇರ್ ಲಿನಕ್ಸಿಗೆ ಇತ್ತು, ಈಗ ಅದರ ಮುಂದಿನ ಪೀಳಿಗಿ ಕ್ಯೂಮ್ಯಾಪ್‌ಶ್ಯಾಕ್ ಅಂತ ಐತಿ. ಅದರಾಗ ಸರ್ವೆ ಆಫ್ ಇಂಡಿಯಾದ ಹಳೇ ಹಾಳಿ ಸ್ಕ್ಯಾನ್ ಮಾಡಿ ಕೆಳಗ ಹಾಸಿ, ಮ್ಯಾಲ ನಮ್ಮ ಗುರುತು ಬಿಟ್ಟ. ನೋಡಿದ್ರ ಊರಿಗೆ ಊರೇ ಸರದು ಹೊಲದಾಗ ಹೋಗಿ ಕುಂತಿತ್ತು! ಹನಮಪ್ಪನ ಗುಡಿ ಯಾರದೋ ಜ್ವಾಳದ ಹೊಲದಾಗ. ಅವ್ವ ಖಡಾಖಂಡಿತ ಹೇಳಿದ್ಲು, "ಇದು ನಮ್ಮೂರಲ್ಲ."

ತಪ್ಪು ಯಂತ್ರದ್ದಲ್ಲ, ನಕಾಶೆಯದೂ ಅಲ್ಲ. ಲ್ಯಾಂಬ್ಟನ್ 1802ರಾಗ ಮದ್ರಾಸಿನಿಂದ ಶುರು ಮಾಡಿದ ಮಹಾ ಸರ್ವೆ ಐತಲ್ಲ, ಅದನ್ನ ಮುಂದುವರಿಸಿದ ಎವರೆಸ್ಟ್ ಸಾಹೇಬರು 1830ರಾಗ ಭೂಮಿ ಇಷ್ಟು ದುಂಡಗ, ಇಷ್ಟು ಚಪ್ಪಟೆ ಅಂತ ಒಂದು ಲೆಕ್ಕ ಕಟ್ಟಿದ್ರು. ನಮ್ಮ ಹಳೇ ಹಾಳಿಗಳೆಲ್ಲ ಆ ಲೆಕ್ಕದ ಮ್ಯಾಲ ಕುಂತಾವ. ಜಿಪಿಎಸ್ಸಿನ ಲೆಕ್ಕ ಬ್ಯಾರೆ. ಎರಡರ ನಡುವ ನಮ್ಮ ಕಡೆ ನೂರು ಮೀಟರಿಗೂ ಮಿಕ್ಕಿ ಫರಕು. ಈ ಹಾಳಿ ಹಳೇ ಭಾರತೀಯ ಲೆಕ್ಕದ್ದು ಅಂತ ಸಾಫ್ಟವೇರಿಗೆ ತಿಳಿಸಿದ ಮ್ಯಾಲ ಊರು ಸಾವಕಾಶ ಬಂದು ಹೊಳಿ ದಂಡಿಗೆ ನಿಂತಿತು. ಅವ್ವ ಕನ್ನಡಕ ಒರಸಿಕೊಂಡ್ಲು.

ಅಲ್ಲಿಂದ ಮೂರು ದಿನ ನಮ್ಮ ಮನ್ಯಾಗ ಬ್ಯಾರೆ ಕೆಲಸಿಲ್ಲ. ಜಿಪಿಎಕ್ಸಿನ್ಯಾಗ ಕನ್ನಡ ಬರೀಬಹುದು, ಅಕ್ಷರದ ಮಿತಿನೂ ಇಲ್ಲ. ಗೆದ್ದಲ ತಿಂದ ನೋಟಬುಕ್ಕು ಒಂದು ಕೈಯಾಗ, ಅವ್ವನ ನೆನಪು ಇನ್ನೊಂದು ಕೈಯಾಗ. ಆರಕ್ಷರದ ಒಂದೊಂದು ಮೊಂಡ ಹೆಸರು ತಗದು ಅಕಿ ಹೇಳಿದ ಪೂರ್ತಿ ಹೆಸರು ಟೈಪ್ ಮಾಡಿಕೋತ ಹೋದೆ. ಎಣಿಸಿದಾಗ 61. ಮತ್ತ ಎಣಿಸಿದೆ. 61.

ಹುಡುಕಿದ್ರ ಸಿಕ್ಕದ್ದು ಒಂದು ಹೆಸರು: ಎಚ್, ಎ, ಎಲ್, ಇ, ಬಿ, ಎ. ಹಳೇಬಾ. ಹಳೇ ಬಾವಿಗೂ ಅದೇ ಆರಕ್ಷರ, ಹಳೇ ಬಾಗಿಲಿಗೂ ಅದೇ ಆರಕ್ಷರ. ಅವತ್ತು ಎರಡನೇ ಸಲ ಒತ್ತಿದಾಗ "ಈ ಹೆಸರು ಮೊದಲೇ ಐತಿ, ಬದಲಿಸಲೇನು?" ಅಂತ ಯಂತ್ರ ಕೇಳಿರಬೇಕು, ಬಿಸಲಾಗ ಓದದ ನಾನು ಹೂಂ ಅಂದಿರಬೇಕು. ಉಳಿದದ್ದು ಯಾವುದು? ತುಳಸಿಕಟ್ಟಿಯಿಂದ ಹೊಳಿ ಕಡೆ ನಾಲ್ವತ್ತು ಮೀಟರ್ ದೂರ ಇತ್ತು ಗುರುತು. ಅಂದ್ರ ಬಾವಿ. ಹೋದದ್ದು ಬಾಗಿಲು.

ಹಳೇ ಬಾಗಿಲು ಅಂದ್ರ ನಿಮಗ ಹೇಳಬೇಕು. ಮನಿ ಪಾಲಾದ ಮ್ಯಾಲ ನಾವು ಓಣಿ ಕಡೆ ಹೊಸ ಬಾಗಿಲು ಇಟ್ಟಿವಿ, ಮೂಡಣ ದಿಕ್ಕಿನ ಮೊದಲಿನ ಬಾಗಿಲು ಕಟ್ಟಿ ಮುಚ್ಚಿದ್ವಿ. ಹದಿನಾಲ್ಕು ವರ್ಷದ ಹುಡುಗಿ ಅವ್ವ ಸೇರಕ್ಕಿ ಒದ್ದು ಒಳಗ ಬಂದದ್ದು ಆ ಬಾಗಿಲಿನಿಂದ. ಅಪ್ಪನ್ನ ಹೊರಗ ಒಯ್ದದ್ದೂ ಅದರಿಂದನೇ. ಅರವತ್ತೆರಡರಾಗ ಅದೊಂದನ್ನೇ ನಾನು ಅಳಿಸಿದ್ದೆ. ಯಾರ ಮ್ಯಾಲೂ ಹಾಕೂಕ ಬರಂಗಿಲ್ಲ, ಕಂಪನಿ ಮ್ಯಾಲೂ ಇಲ್ಲ, ಗುಂಡಿ ಒತ್ತಿದ ಕೈ ನಂದು.

ಅವ್ವಗ ಹೇಳೂಕ ಒಂದು ದಿನ ಹಿಂಜರದೆ. ಹೇಳಿದಾಗ ಅಕಿ ಸಿಟ್ಟಾಗಲಿಲ್ಲ. ಎದ್ದು ನಿಂತು, ನಮ್ಮ ಪಡಸಾಲಿಯ ಗ್ವಾಡಿ ಹಿಡಕೊಂಡು, ಕಣ್ಣು ಮುಚ್ಚಿ ನಡದ್ಲು. "ತುಳಸಿಕಟ್ಟಿಯಿಂದ ಬಾಗಿಲಿಗೆ ಹನ್ನೊಂದು ಹೆಜ್ಜಿ. ಐವತ್ತು ವರ್ಷ ದಿನಾ ನಡದೀನಿ." ಮಗ ಟೇಪು ತಂದು ಅಕಿ ಹೆಜ್ಜಿ ಅಳದ. ಹನ್ನೊಂದು ಹೆಜ್ಜಿಗೆ ಐದು ಮೀಟರಿಗೆ ಚೂರು ಕಡಿಮಿ. ತುಳಸಿಕಟ್ಟಿಯಿಂದ ಮೂಡಣಕ್ಕ ಅಷ್ಟು ದೂರ ಬಿಟ್ಟು ನಕಾಶೆ ಮ್ಯಾಲ ಕೈಯಿಂದನೇ ಒಂದು ಗುರುತು ಇಟ್ವಿ. ಉಪಗ್ರಹ ಹೇಳಿದ್ದಲ್ಲ ಅಂತ ತಿಳೀಲಿ ಅಂತ ಅದಕ್ಕ ಕೆಂಪು ಬಣ್ಣ, ಉಳಿದವೆಲ್ಲ ನೀಲಿ. ಮೊನ್ನೆ ಹುಡುಗಿ ಕೇಳಿದ್ಲು, ಇದೊಂದೇ ಯಾಕ ಕೆಂಪು ಅಂತ. ಕಾರಣ ಇದು.

ಈ ಊರನ್ನ ಓಪನ್‌ಸ್ಟ್ರೀಟ್‌ಮ್ಯಾಪಿಗೆ ಹಾಕಬೇಕಂತ ನನಗ ಆಶಾ ಇತ್ತು. ಸ್ಟೀವ್ ಕೋಸ್ಟ್ ಅನ್ನೂವರು 2004ರಾಗ ಇಂಗ್ಲೆಂಡಿನ್ಯಾಗ ಶುರು ಮಾಡಿದ್ದು ಅದು. ಅಲ್ಲಿಯ ಸರಕಾರಿ ನಕಾಶೆ ರೊಕ್ಕ ಕೊಟ್ಟು ಕೊಳ್ಳಬೇಕಿತ್ತು, ಅದಕ್ಕ ಮಂದಿನೇ ನಡದು ಅಳದು ತಮ್ಮ ನಕಾಶೆ ತಾವೇ ಮಾಡಿಕೊಂಡ್ರು. ಮಗ ಬ್ಯಾಡಂದ. ಅಲ್ಲಿ ಬರಿಯೂದು ಈಗ ನೆಲದ ಮ್ಯಾಲ ಇರೂದನ್ನ ಮಾತ್ರ, ಮುಳುಗಿದ್ದನ್ನಲ್ಲ. ನ್ಯಾಯ ಐತಿ. ಅದರ ಬದಲಿ ಪುನರ್ವಸತಿ ಕೇಂದ್ರದ ಓಣಿಗಳನ್ನ ಇಬ್ಬರೂ ಕೂಡಿ ಜೋಸಮ್ ಅನ್ನೂ ಸಾಫ್ಟವೇರಿನಿಂದ ಅದರಾಗ ಬರದ್ವಿ. ಅದು ಜಾವಾದಾಗ ಮಾಡಿದ್ದು, ಯಾವ ಕಂಪ್ಯೂಟರ್ ಅಂತ ಕೇಳಂಗಿಲ್ಲ.

ಮ್ಯಾಲಿನ ಓಣಿಯವರು ಇನ್ನೂ ಅಲ್ಲೇ ಅದಾರ. ಆಣೆಕಟ್ಟಿನ್ಯಾಗ ಈಗ ನೀರು ನಿಲ್ಲೂದು 519.6 ಮೀಟರಿಗೆ. ಅದನ್ನ 524.256ಕ್ಕ ಏರಿಸೂಕ ಕೃಷ್ಣಾ ನ್ಯಾಯಮಂಡಳಿ 2010ರಾಗ ಒಪ್ಪಿಗಿ ಕೊಟ್ಟೈತಿ. ಹೋದಾಗೊಮ್ಮೆ ಕಾಕು ಕೇಳ್ತಾರ, "ನಿನ್ನ ಯಂತ್ರದಾಗ ನೋಡಿ ಹೇಳು, ನನ್ನ ಹೊಸ್ತಿಲು ಗೆರಿ ಮ್ಯಾಲ ಐತೋ ಕೆಳಗ ಐತೋ?" ನಾನು ಹೇಳಂಗಿಲ್ಲ, ನೀವೂ ಯಾರಿಗೂ ಹೇಳಬ್ಯಾಡ್ರಿ. ಕೈಯಂತ್ರ, ಫೋನು ಹೇಳೂ ಎತ್ತರ ಅಗಲದಷ್ಟು ನೆಟ್ಟಗಿರಂಗಿಲ್ಲ. ನಾಲ್ಕೂವರಿ ಮೀಟರಿನ ಪ್ರಶ್ನೆಗೆ ಅದರ ತಪ್ಪೇ ಅದಕ್ಕಿಂತ ದೊಡ್ಡದಿರಬಹುದು. ಅದೂ ಅಲ್ಲದ ಉಪಗ್ರಹದ ಎತ್ತರ ಬ್ಯಾರೆ, ಸಮುದ್ರಮಟ್ಟದ ಎತ್ತರ ಬ್ಯಾರೆ. ಭೂಮಿ ದುಂಡು ಗುಂಡಿನಂಗಿಲ್ಲ, ಅಲ್ಲಲ್ಲಿ ತಗ್ಗು ಉಬ್ಬು. ಎರಡರ ನಡುವಿನ ಫರಕು ನಮ್ಮ ದೇಶದಾಗ ಹತ್ತಾರು ಮೀಟರ್ ಆಗತೈತಿ. ಭೂಮಿಯ ಈ ಖರೇ ಆಕಾರ ಲೆಕ್ಕ ಹಾಕಿದವರಾಗ ಗ್ಲ್ಯಾಡಿಸ್ ವೆಸ್ಟ್ ಅನ್ನೂ ಹೆಣ್ಣುಮಗಳು ದೊಡ್ಡಾಕಿ. 1930ರಾಗ ವರ್ಜೀನಿಯಾದ ಒಕ್ಕಲು ಮನ್ಯಾಗ ಹುಟ್ಟಿದ ಕಪ್ಪು ಜನಾಂಗದಾಕಿ. 1956ರಿಂದ ನೌಕಾಪಡೆಯ ಕಚೇರಿಯಾಗ ಗಣಿತ ಮಾಡಿದ್ಲು. ಅಕಿ ಲೆಕ್ಕ ಜಿಪಿಎಸ್ಸಿನ ಬುಡದಾಗ ಐತಿ, ಆದ್ರ ಅಕಿ ಹೆಸರು ಮಂದಿಗೆ ತಿಳಿದದ್ದು ಮುದುಕಿ ಆದಮ್ಯಾಲ. ಕಾಕುಗ ನಾನು ಹೇಳೂದು ಒಂದೇ, ಎತ್ತರಕ್ಕ ಸರಕಾರದ ಸರ್ವೆಯವರು ಕಲ್ಲು ನೆಟ್ಟು ಅಳದದ್ದನ್ನೇ ಲೇಖಿಯಾಗ ಕೇಳ್ರಿ, ಕಾಗದದ ಪ್ರತಿ ಇಟ್ಟುಕೋರಿ.

ಅವ್ವ ಹೋಗಿ ಈಗ ಒಂಬತ್ತು ವರ್ಷ. ಕಳೆದ ಬ್ಯಾಸಗಿಯಾಗ ನೀರು ಭಾಳ ಹಿಂದ ಸರದಿತ್ತು, ಗುಡಿ ಗ್ವಾಡಿ ಕಾಣತಾವ ಅಂತ ಸುದ್ದಿ ಬಂತು. ನಾನು, ಅಕ್ಕ, ಸಣ್ಣ ವೈನಿ ಹೋದ್ವಿ. ಫೋನಿನ್ಯಾಗ ಓಸ್ಮಾಂಡ್ ಅನ್ನೂ ಆ್ಯಪ್ ಐತಿ, ಇಂಟರ್ನೆಟ್ ಇಲ್ಲದೇ ನಡೀತೈತಿ, ನಮ್ಮ ಜಿಪಿಎಕ್ಸ್ ಅದರಾಗ ಹಾಕಿಕೊಂಡಿದ್ದೆ. ಒಣಗಿ ಬಿರಕು ಬಿಟ್ಟ ಕೆಸರಿನ ಮ್ಯಾಲ ಚಪ್ಪಲಿ ಕೈಯಾಗ ಹಿಡಕೊಂಡು ನಡದ್ವಿ. ಬಾವಿ ಅಂತ ಫೋನು ತೋರಿಸಿದ ಕಡೆಯಿಂದ ನಾಕ್ಹೆಜ್ಜಿ ಅತ್ತಾಗ ಬಾವಿ ಕಟ್ಟಿಯ ದುಂಡನ ಕಲ್ಲು ಸಿಕ್ತು. ತುಳಸಿಕಟ್ಟಿ ಬುಡ ಸಿಕ್ತು, ಬರೇ ಬುಡ. ಅಲ್ಲಿಂದ ಮೂಡಣಕ್ಕ ಎಣಿಸಿದ್ವಿ. ನಮ್ಮ ಹೆಜ್ಜಿ ಅವ್ವನ ಹೆಜ್ಜಿಗಿಂತ ದೊಡ್ಡವು, ಎಂಟಕ್ಕ ನಿಂತ್ವಿ. ಹೊಸ್ತಿಲ ಕಲ್ಲು ಕಾಣಲಿಲ್ಲ, ಮೊಣಕೈಯುದ್ದ ಮಣ್ಣು ಕುಂತಿತ್ತು. ಅಕ್ಕ ಅಲ್ಲೇ ಒಂದು ಚಿಟಿಕಿ ಅರಿಷಿಣ ಕುಂಕುಮ ಹಾಕಿದ್ಲು. ನಾನು ಫೋನಿನ್ಯಾಗ ಆ ಜಾಗಾಕ್ಕ ಇನ್ನೊಂದು ಗುರುತು ಹಾಕಿದೆ. ಅವ್ವ ಇಟ್ಟ ಕೆಂಪು ಗುರುತಿನಿಂದ ಎರಡು ಮೀಟರ್ ದೂರ ಬಂತು. ಕೆಂಪನ್ನ ಅಳಿಸಿಲ್ಲ, ಎರಡೂ ಅದಾವ.

ಕಡತ ಈಗ ನಾಲ್ಕು ಮನ್ಯಾಗ ಐತಿ, ಒಂದು ಪ್ರತಿ ಛಾಪಾ ಹಾಕಿಸಿ ದೇವರಮನಿ ಕಪಾಟಿನ್ಯಾಗೂ ಇಟ್ಟೀನಿ. ಊರಿನವರು ಯಾರಿಗೆ ಬೇಕೋ ನನಗ ಹೇಳ್ರಿ, ಕಳಸ್ತೀನಿ. ಕುಂಬಾರ ಓಣಿಯ ಮೂರು ಮನಿ ಹೆಸರು ಗೆದ್ದಲ ತಿಂದ ಹಾಳ್ಯಾಗ ಹೋಗ್ಯಾವ, ಅವು ಇನ್ನೂ ಆರಕ್ಷರದಾಗೇ ಅದಾವ. ಆ ಓಣಿಯವರು ಓದತಿದ್ರ ಪೂರ್ತಿ ಹೆಸರು ತಿಳಸ್ರಿ.